ಎರಿ ಮಣ್ಣಿನ ಸೀಮೆಗೆ ಯಾವ ಏರ್ ಇನ್‌ಟೇಕ್? ಸ್ಪೋರ್ಟ್ಸ್ ಕಾರು ಇಟ್ಟವರಿಗೆ ಒಂದು ಹೋಲಿಕೆ

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಎಂಜಿನ್ನಿಗೆ ಸುಮಾರು 11 ಕಿಲೋ ಗಾಳಿ ಬೇಕು. ಅಂದರೆ ಹೆಚ್ಚುಕಡಿಮೆ 10,000 ಲೀಟರ್. ವಿಜಯಪುರದಿಂದ ಬಾಗಲಕೋಟೆಗೆ ಹೋಗಿ ಬರುವಷ್ಟರಲ್ಲಿ ಲಕ್ಷ ಲೀಟರ್ ಗಾಳಿ ಏರ್ ಇನ್‌ಟೇಕಿನ, ಅಂದರೆ ಎಂಜಿನ್ನಿಗೆ ಗಾಳಿ ತರುವ ಡಬ್ಬಿ-ಪೈಪಿನ, ಒಂದು ಫಿಲ್ಟರ್ ದಾಟಿ ಒಳಗೆ ಹೋಗಿರುತ್ತದೆ. ಎಂಥ ಗಾಳಿ ಅದು? ಏಪ್ರಿಲ್-ಮೇನಲ್ಲಿ 40 ಡಿಗ್ರಿ ಮುಟ್ಟಿದ್ದು. ಎರಿ ಹೊಲದ ಧೂಳು, ಇಳಕಲ್ಲಿನ ಸುತ್ತಲಿನ ಗ್ರಾನೈಟ್ ಕ್ವಾರಿಗಳ ಪುಡಿ, ಕಬ್ಬಿನ ಹಂಗಾಮಿನಲ್ಲಿ ಮುಧೋಳ-ಜಮಖಂಡಿ ರಸ್ತೆಯ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಎಬ್ಬಿಸುವ ಮಣ್ಣು, ಎಲ್ಲ ಬೆರೆತದ್ದು.

ಕಂಪನಿಯ ಇನ್‌ಟೇಕಿನ ಬದಲು ಹಾಕುವ ಕಿಟ್ ಮಾರುವವರು ತೋರಿಸುವ ಪವರ್ ಗ್ರಾಫಿನಲ್ಲಿ ಈ ಗಾಳಿ ಇರುವುದಿಲ್ಲ. ಅಂಥ ಗ್ರಾಫ್ ಹೆಚ್ಚಾಗಿ ಬಾನೆಟ್ ಎತ್ತಿಟ್ಟು, ಎದುರಿಗೆ ದೊಡ್ಡ ಫ್ಯಾನ್ ಹಚ್ಚಿ, ಡೈನೊ (ಗಾಡಿಯ ಪವರ್ ಅಳೆಯುವ ಯಂತ್ರ) ಮೇಲೆ ತೆಗೆದದ್ದು. ಬಾನೆಟ್ ಮುಚ್ಚಿ ಸಿಂದಗಿ ರಸ್ತೆಗೆ ಬಿದ್ದ ಮೇಲೆ ಆ ಲೆಕ್ಕ ನಿಲ್ಲುವುದಿಲ್ಲ. ಹಾಗಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಇನ್‌ಟೇಕ್ ಆರಿಸುವವರು ಮೊದಲು ನೋಡಬೇಕಾದದ್ದು ಮೂರು: ಫಿಲ್ಟರ್ ಬಿಸಿಯಲ್ಲಿ ಕೂರುತ್ತದೆಯೋ ತಂಪಿನಲ್ಲೋ, ಧೂಳನ್ನು ಎಷ್ಟು ತಡೆಯುತ್ತದೆ, ಮಳೆಯಲ್ಲಿ ನೀರು ಕುಡಿಯುತ್ತದೆಯೋ ಇಲ್ಲವೋ. ಪವರ್ ಮತ್ತು ಸದ್ದು ಆಮೇಲೆ.

ಎರಡು ಅಂಕಿ ನೆನಪಿಡಿ

ಗಾಳಿ ಪ್ರತಿ 3 ಡಿಗ್ರಿ ಬಿಸಿಯಾದಂತೆ ಅದರ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತದೆ. ಫಿಲ್ಟರ್ ಮತ್ತು ಪೈಪು ಒಡ್ಡುವ ಅಡ್ಡಿ ಪ್ರತಿ 10 ಸೆಂ.ಮೀ. ನೀರಿನ ಮಟ್ಟಕ್ಕೆ ಒತ್ತಡವನ್ನು ಸುಮಾರು ಶೇ 1ರಷ್ಟು ಕಡಿಮೆ ಮಾಡುತ್ತದೆ. ಎಲ್ಲ ಇನ್‌ಟೇಕ್‌ಗಳನ್ನೂ ಈ ಎರಡು ಅಂಕಿಯ ಮೇಲೆ ತೂಗಬಹುದು. ಅಡ್ಡಿ 15 ಸೆಂ.ಮೀ. ಇಳಿಸಿ ಶೇ 1.5 ಗಳಿಸಿಕೊಟ್ಟ ಕಿಟ್, ಬಾನೆಟ್ ಒಳಗಿನ ಬಿಸಿ ಎಳೆದು ಗಾಳಿಯನ್ನು 15 ಡಿಗ್ರಿ ಕಾಯಿಸಿದರೆ ಶೇ 5 ಕಳೆದಂತಾಯಿತು. ಇಂಥ ಕಿಟ್ಟಿಗೆ ಸದ್ದು ಜೋರಿರುತ್ತದೆ, ಗಾಡಿ ಮಾತ್ರ ಮೊದಲಿಗಿಂತ ನಿಧಾನ.

ಅಡ್ಡಿ ಅಳೆಯಲು ದುಬಾರಿ ಸಾಮಾನು ಬೇಡ. ಗೌಂಡಿಗಳು ಗೋಡೆಯ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು ಎರಡೂವರೆ ಮೀಟರ್ ಸಾಕು. ಅದನ್ನು ಇಂಗ್ಲಿಷಿನ ‘ಯು’ ಆಕಾರಕ್ಕೆ ಬಗ್ಗಿಸಿ, ಒಂದು ಮೀಟರಿನ ಹಲಗೆಗೆ ಕಟ್ಟಿ, ಎರಡೂ ಕಾಲಿನಲ್ಲಿ ಅರ್ಧದವರೆಗೆ ಬಣ್ಣದ ನೀರು ತುಂಬಿ. ಏರ್ ಬಾಕ್ಸಿನಿಂದ (ಫಿಲ್ಟರ್ ಕೂರುವ ಡಬ್ಬಿ) ಥ್ರಾಟಲ್ (ಎಂಜಿನ್ನಿನ ಗಾಳಿಯ ಬಾಗಿಲು) ಅಥವಾ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಪಂಪು) ಕಡೆಗೆ ಹೋಗುವ ಪೈಪಿಗೆ ಎಂಜಿನ್ನಿನ ಒಳಗಿನ ಆಯಿಲ್ ಆವಿ ತರುವ ಬ್ರೀದರ್ ಹೋಸ್ ಸೇರುತ್ತದಲ್ಲ, ಆ ಹೋಸಿನ ನಡುವೆ ಒಂದು ಟಿ ಜಾಯಿಂಟ್ ಹಾಕಿ ಲೆವೆಲ್ ಪೈಪಿನ ಒಂದು ತುದಿ ಅಲ್ಲಿಗೆ ಜೋಡಿಸಿ. ನಡುವೆ ಗಟ್ಟಿಮುಟ್ಟಾದ ಒಂದು ಖಾಲಿ ಬಾಟಲಿ ಇರಲೇಬೇಕು. ನೀರು ಏರಿ ಬಂದರೂ ಅಲ್ಲೇ ನಿಲ್ಲುತ್ತದೆ, ಎಂಜಿನ್ನಿಗೆ ಹೋಗುವುದಿಲ್ಲ. ಇನ್ನೊಂದು ತುದಿ ಬಯಲಿಗೆ ತೆರೆದಿರಲಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ರೆಡ್‌ಲೈನ್ ಹತ್ತಿರ ಒಯ್ಯುವಾಗ ಪಕ್ಕದಲ್ಲಿ ಕೂತವರು ಎರಡೂ ಕಾಲಿನ ನೀರಿನ ಅಂತರ ಓದಿಕೊಳ್ಳಬೇಕು. ಓಡಿಸುವವರ ಕಣ್ಣು ರಸ್ತೆಯ ಮೇಲಷ್ಟೇ ಇರಲಿ.

ಅಂತರ 10-15 ಸೆಂ.ಮೀ. ಬಂದರೆ ಕಂಪನಿಯ ಡಬ್ಬಿಯೇ ಚೆನ್ನಾಗಿ ಉಸಿರಾಡುತ್ತಿದೆ. ಯಾವ ಕಿಟ್ ಹಾಕಿದರೂ ಅಡ್ಡಿಯ ಲೆಕ್ಕದಲ್ಲಿ ಶೇ 1-1.5ಕ್ಕಿಂತ ಹೆಚ್ಚು ಗಳಿಸಲು ಅಲ್ಲಿ ಜಾಗವೇ ಇಲ್ಲ. ಇದೇ ಅಳತೆಯನ್ನು ಫಿಲ್ಟರ್ ತೆಗೆದು, ಡಬ್ಬಿ ಮುಚ್ಚಿ, ಧೂಳಿಲ್ಲದ ಡಾಂಬರಿನ ಮೇಲೆ ಒಂದೇ ಒಂದು ಸಲ ತೆಗೆದರೆ ಅಡ್ಡಿ ಫಿಲ್ಟರಿನದೋ ಡಬ್ಬಿಗೆ ಹೊರಗಿನ ಗಾಳಿ ತರುವ ಮುಂದಿನ ಕೊಳವೆ ಸ್ನಾರ್ಕಲ್ಲಿನದೋ ಗೊತ್ತಾಗುತ್ತದೆ. ಅಡ್ಡಿ ಸ್ನಾರ್ಕಲ್ಲಿನಲ್ಲಿದ್ದಾಗ ಫಿಲ್ಟರಿಗೆ ದುಡ್ಡು ಸುರಿದು ಪ್ರಯೋಜನವಿಲ್ಲ. ಎಷ್ಟೋ ಸಲ ಅಲ್ಲಿ ಬೇವಿನ ಎಲೆ, ಕಬ್ಬಿನ ರವದಿ, ಪ್ಲಾಸ್ಟಿಕ್ ಚೀಲದ ತುಂಡು ಸಿಕ್ಕಿಕೊಂಡಿರುತ್ತದೆ.

ಬೆಳಗಾವಿಯವರಿಗೆ ಒಂದು ಎಚ್ಚರಿಕೆ. ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇ 8ರಷ್ಟು ಕಡಿಮೆ. ಹೊಸ ಕಿಟ್ ಹಾಕಿಸಿದ ವಾರವೇ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದರೆ, ಟರ್ಬೊ ಇಲ್ಲದ ಗಾಡಿ ಅಲ್ಲಿ ಚುರುಕಾಗಿ ಓಡುತ್ತದೆ. ಅದು ಕಿಟ್ಟಿನ ಗುಣ ಅಲ್ಲ, ಕಡಲತೀರದ ಗಾಳಿಯದು. ಹೋಲಿಕೆ ಮಾಡುವುದಾದರೆ ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ಬಂಕಿನ ಪೆಟ್ರೋಲ್ ಇರಲಿ.

ಆಯ್ಕೆಗಳು

ಮೊದಲನೆಯದು ಕಂಪನಿಯ ಡಬ್ಬಿ, ಹೊಸ ಪೇಪರ್ ಫಿಲ್ಟರ್. ಇದನ್ನು ಆಯ್ಕೆ ಎಂದೇ ಯಾರೂ ಎಣಿಸುವುದಿಲ್ಲ. ಆದರೆ ಪೋಲೊ ಜಿಟಿ, ವರ್ಟಸ್ ಜಿಟಿ, ಐ20 ಎನ್ ಲೈನ್ ತರಹದ ಸಣ್ಣ ಟರ್ಬೊ ಗಾಡಿ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು) ಇಲ್ಲದೆ ಓಡುತ್ತಿದ್ದರೆ ಇದನ್ನು ಮೀರಿಸುವುದು ಕಷ್ಟ. ಕಾರಣ ಸರಳ: ಟರ್ಬೊ ಎಂಜಿನ್ನಿನ ಕಂಪ್ಯೂಟರು ತನಗೆ ಬೇಕಾದ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಎಷ್ಟೆಂದು ಗುರಿ ಇಟ್ಟುಕೊಂಡಿರುತ್ತದೆ. ಫಿಲ್ಟರಿನ ಅಡ್ಡಿ ಸ್ವಲ್ಪ ಹೆಚ್ಚಾದರೆ ಟರ್ಬೊಗೆ ಹೋಗುವ ಹೊಗೆಯನ್ನು ಬದಿಗೆ ಬಿಡುವ ಬಾಗಿಲನ್ನು, ಅಂದರೆ ವೇಸ್ಟ್‌ಗೇಟ್ ಮುಚ್ಚಿ ಸರಿದೂಗಿಸುತ್ತದೆ, ಕಡಿಮೆಯಾದರೆ ತೆರೆಯುತ್ತದೆ. ಗುರಿ ಬದಲಾಗದೆ ಪವರ್ ಬದಲಾಗುವುದಿಲ್ಲ. ಟರ್ಬೊಗೆ ಸ್ವಲ್ಪ ಶ್ರಮ ತಪ್ಪುತ್ತದೆ, ಅಷ್ಟೇ.

ಎರಡನೆಯದು ಅದೇ ಡಬ್ಬಿಯೊಳಗೆ ಕೂರುವ ಪ್ಯಾನೆಲ್ ಫಿಲ್ಟರ್. ಕೆ ಅಂಡ್ ಎನ್, ಬಿಎಂಸಿ ಮುಂತಾದವರ ಎಣ್ಣೆ ಹಚ್ಚಿದ ಕಾಟನ್, ಪೈಪರ್‌ಕ್ರಾಸ್‌ನ ಫೋಮ್, ಬೇರೆ ಹಲವರ ಒಣ ಸಿಂಥೆಟಿಕ್ ಬಟ್ಟೆ. ಡಬ್ಬಿ ಮುಚ್ಚಿರುವುದರಿಂದ ಬಿಸಿ ಗಾಳಿ ನುಗ್ಗುವುದಿಲ್ಲ, ನೀರಿನ ಭಯವೂ ಮೊದಲಿನಷ್ಟೇ. ಗಳಿಕೆ ಚಿಕ್ಕದು. ಇಲ್ಲಿ ನೋಡಬೇಕಾದದ್ದು ಅಂಚಿನ ರಬ್ಬರು. ಕಂಪನಿಯ ಫಿಲ್ಟರಿನ ಅಂಚಿಗಿಂತ ಒಂದೆರಡು ಮಿ.ಮೀ. ತೆಳ್ಳಗಿದ್ದರೆ ಡಬ್ಬಿಯ ಮುಚ್ಚಳ ಅದನ್ನು ಒತ್ತಿ ಹಿಡಿಯುವುದಿಲ್ಲ. ಆಗ ಧೂಳು ಬಟ್ಟೆಯ ಮೂಲಕ ಹೋಗುವ ಕಷ್ಟ ತೆಗೆದುಕೊಳ್ಳದೆ ಪಕ್ಕದಿಂದಲೇ ನುಸುಳುತ್ತದೆ.

ಮೂರನೆಯದು ಶಾರ್ಟ್ ರ‍್ಯಾಮ್, ಅಂದರೆ ಬಾನೆಟ್ ಒಳಗೆ ಬಯಲಿಗೆ ಕೂತ ಶಂಕುವಿನ ಆಕಾರದ ಫಿಲ್ಟರ್. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಜೋರು ಸದ್ದು. ಹೊರಗೆ 40 ಡಿಗ್ರಿ ಇರುವಾಗ ಊರೊಳಗಿನ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಬಾನೆಟ್ ಒಳಗಿನ ಗಾಳಿ 60 ದಾಟುವುದು ಸಾಮಾನ್ಯ. ಆ 20 ಡಿಗ್ರಿಗೆ ಮೇಲಿನ ಲೆಕ್ಕ ಹಚ್ಚಿ: ಶೇ 6 ಹೋಯಿತು. ಬಿಸಿ ಗಾಳಿಗೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಶುರುವಾಗಿ ಕಂಪ್ಯೂಟರು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆದರೆ ಇನ್ನಷ್ಟು ಹೋಯಿತು. ಬಾಗಲಕೋಟೆ, ವಿಜಯಪುರಕ್ಕೆ ಇದನ್ನು ಬೇಡ ಎಂದೇ ಹೇಳಬೇಕು.

ನಾಲ್ಕನೆಯದು ಹೆಸರಿಗೆ ತಕ್ಕ ಕೋಲ್ಡ್ ಏರ್ ಇನ್‌ಟೇಕ್: ಉದ್ದ ಪೈಪು ಇಳಿದು ಮುಂದಿನ ಬಂಪರ್ ಅಥವಾ ಫೆಂಡರ್ ಒಳಗೆ ಫಿಲ್ಟರ್ ಕೂರುತ್ತದೆ. ಬಾನೆಟ್ಟಿನ ಬಿಸಿಯಿಂದ ದೂರ. ಟರ್ಬೊ ಇಲ್ಲದ ಎಂಜಿನ್ನಿಗೆ ಹೆಚ್ಚಿನ ಆರ್‌ಪಿಎಂನಲ್ಲಿ ನಿಜವಾದ ಗಳಿಕೆ ಕೊಡುವುದು ಇದೇ. ಆದರೆ ರಸ್ತೆಗೆ ಹತ್ತಿರವಾದಷ್ಟೂ ಧೂಳು ಹೆಚ್ಚು, ನೀರು ಹೆಚ್ಚು.

ಐದನೆಯದು ಮುಚ್ಚಿದ ಡಬ್ಬಿಯ ಕಿಟ್. ದೊಡ್ಡ ಶಂಕು ಫಿಲ್ಟರ್, ಸುತ್ತ ಕಾರ್ಬನ್ ಅಥವಾ ಪ್ಲಾಸ್ಟಿಕ್ ಡಬ್ಬಿ, ಗ್ರಿಲ್ಲಿನಿಂದ ತಂಪು ಗಾಳಿ ತರುವ ದಪ್ಪ ಹೋಸ್. ಬೆಲೆ ಎಲ್ಲಕ್ಕಿಂತ ಹೆಚ್ಚು. ಸ್ಟೇಜ್ 2 ಮಟ್ಟದ (ಬೇರೆ ಬಿಡಿಭಾಗಗಳನ್ನೂ ಬದಲಿಸಿ ಮಾಡುವ) ರೀಮ್ಯಾಪ್, ದೊಡ್ಡ ಟರ್ಬೊ ಇರುವ ಆಕ್ಟೇವಿಯಾ ಆರ್‌ಎಸ್ ತರಹದ ಗಾಡಿಗೆ ಈ ದುಡ್ಡು ಸಾರ್ಥಕ. ಬಿಡಿಭಾಗ ಬದಲಿಸದ ಸ್ಟೇಜ್ 1 ಮ್ಯಾಪಿಗೆ ಬಹುಪಾಲು ಕಂಪನಿಯ ಡಬ್ಬಿಯೇ ಸಾಕಾಗುತ್ತದೆ. ಲೆವೆಲ್ ಪೈಪಿನ ಅಳತೆ 30 ಸೆಂ.ಮೀ. ದಾಟಿದರೆ ಮಾತ್ರ ಯೋಚಿಸಿ.

ಧೂಳಿನ ಲೆಕ್ಕ

ಫಿಲ್ಟರ್ ಎಷ್ಟು ಧೂಳು ತಡೆಯುತ್ತದೆ ಎಂಬುದನ್ನು ಐಎಸ್‌ಒ 5011 ಪರೀಕ್ಷೆಯಿಂದ ಅಳೆಯುತ್ತಾರೆ. ಪೆಟ್ಟಿಗೆಯ ಮೇಲೆ ಈ ಸಂಖ್ಯೆ, ಅದರ ಜೊತೆಗೆ ಶೇಕಡಾವಾರು ಇದೆಯೋ ನೋಡಿ. ಶೇ 99 ಮತ್ತು ಶೇ 97 ನಡುವೆ ಎರಡೇ ಅಂಕಿ ಅನ್ನಿಸಬಹುದು. ನೂರು ಗ್ರಾಂ ಧೂಳು ಬಂದರೆ ಮೊದಲನೆಯದು ಒಂದು ಗ್ರಾಂ ಒಳಗೆ ಬಿಡುತ್ತದೆ, ಎರಡನೆಯದು ಮೂರು ಗ್ರಾಂ. ಎಂಜಿನ್ನಿನ ಕಡೆಯಿಂದ ನೋಡಿದರೆ ಮೂರು ಪಟ್ಟು. ಒಳ್ಳೆಯ ಪೇಪರ್ ಫಿಲ್ಟರ್ ಶೇ 99ರ ಮೇಲಿರುತ್ತದೆ. ಎಣ್ಣೆ ಹಚ್ಚಿದ ಕಾಟನ್ ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ.

ಒಳಗೆ ಹೋದ ಮಣ್ಣಿನಲ್ಲಿ ಕೆಡುಕು ಮಾಡುವುದು ಸಿಲಿಕಾ. ಅದರಲ್ಲೂ ಗ್ರಾನೈಟ್ ಪುಡಿಯಲ್ಲಿ ಕ್ವಾರ್ಟ್ಸ್ ಜಾಸ್ತಿ, ಅದು ಉಕ್ಕಿಗಿಂತ ಗಟ್ಟಿ. ಪಿಸ್ಟನ್ ರಿಂಗು ಮತ್ತು ಸಿಲಿಂಡರ್ ಗೋಡೆಯ ನಡುವಿನ ಎಣ್ಣೆ ಪದರದಲ್ಲಿ ಸೇರಿಕೊಂಡು ಉಜ್ಜುಕಾಗದದ ಹಾಗೆ ತೇಯುತ್ತದೆ. ಮೊದಲು ಆಯಿಲ್ ಕುಡಿಯಲು ಶುರು, ಆಮೇಲೆ ಕಂಪ್ರೆಷನ್ ಇಳಿಕೆ. ಟರ್ಬೊ ಇದ್ದರೆ ಕಂಪ್ರೆಸರ್ ಚಕ್ರದ ಅಂಚುಗಳೂ ಸವೆಯುತ್ತವೆ. ಎಂಜಿನ್ ಆಯಿಲ್ ಪರೀಕ್ಷೆ ಮಾಡಿಸುವವರು ವರದಿಯಲ್ಲಿ ಸಿಲಿಕಾನ್ ಅಂಕಿ ನೋಡಬೇಕು. ಕಿಟ್ ಹಾಕುವ ಮೊದಲಿನದಕ್ಕೂ ನಂತರದ್ದಕ್ಕೂ ಹೋಲಿಸಿ ಅದು ಏರುತ್ತಿದ್ದರೆ ಫಿಲ್ಟರ್ ಸೋರುತ್ತಿದೆ ಎಂದೇ ಅರ್ಥ. ಒಂದು ಮಾತು: ಇಂಟೇಕಿಗೆ ಹಚ್ಚಿದ ಹೊಸ ಸಿಲಿಕೋನ್ ಸೀಲಂಟಿನಿಂದಲೂ ಮೊದಲ ವರದಿಯಲ್ಲಿ ಈ ಅಂಕಿ ಹೆಚ್ಚು ಬರಬಹುದು.

ಫಿಲ್ಟರ್ ಸ್ವಲ್ಪ ಕೊಳೆಯಾದಾಗ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಏಕೆಂದರೆ ಹಿಡಿದಿಟ್ಟ ಧೂಳೇ ಮತ್ತೊಂದು ಪದರವಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ತೆಗೆದು ಝಾಡಿಸುವ ಅಭ್ಯಾಸ ಬಿಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಊದಿಸುವುದಂತೂ ಬೇಡವೇ ಬೇಡ. ಆ ಒತ್ತಡಕ್ಕೆ ಪೇಪರಿನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಕಾಟನ್ನಿನ ಎಳೆ ಸರಿದು ಕಿಂಡಿಯಾಗುತ್ತದೆ. ಈ ಸೀಮೆಯಲ್ಲಿ ಪೇಪರ್ ಫಿಲ್ಟರನ್ನು ಕಂಪನಿ ಹೇಳಿದ ಅಂತರದ ಅರ್ಧಕ್ಕೇ ಬದಲಿಸುವುದು ಒಳ್ಳೆಯದು.

ಕಾಟನ್ ಫಿಲ್ಟರ್ ತೊಳೆಯುವುದಾದರೆ ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ಬಿಡಿ, ಪೂರ್ತಿ ಒಣಗಲು ಬಿಡಬೇಡಿ. ಸ್ವಚ್ಛ ಭಾಗದಿಂದ ಕೊಳೆ ಭಾಗದ ಕಡೆಗೆ ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆಯಿರಿ. ಇದು ತಿರುವುಮುರುವಾದರೆ ಮಣ್ಣು ಬಟ್ಟೆಯೊಳಕ್ಕೆ ಇಳಿಯುತ್ತದೆ. ನೆರಳಲ್ಲಿ ತಾನಾಗಿ ಒಣಗಲಿ. ಪ್ರತಿ ಮಡಿಕೆಯ ಉದ್ದಕ್ಕೂ ಒಂದೊಂದೇ ಸಲ ಎಣ್ಣೆ ಸಿಂಪಡಿಸಿ, ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಬಿಳಿ ಉಳಿದ ಕಡೆ ಮಾತ್ರ ಮತ್ತೆ ಹಚ್ಚಿ. ಎಣ್ಣೆ ಕಡಿಮೆಯಾದರೆ ಧೂಳು ದಾಟುತ್ತದೆ. ಹೆಚ್ಚಾದರೆ ಎಣ್ಣೆಯ ಹನಿ ಹಾರಿ, ಒಳಗೆ ಹೋಗುವ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರಿನ ಕಾದ ತಂತಿಗೆ ಅಂಟಿ ಗಾಳಿಯ ಲೆಕ್ಕ ತಪ್ಪುತ್ತದೆ. ಇಷ್ಟು ವ್ಯವಧಾನ ಇಲ್ಲದವರಿಗೆ ಒಣ ಸಿಂಥೆಟಿಕ್ ಫಿಲ್ಟರೇ ಮೇಲು.

ನೀರು

1.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ತೆಗೆದುಕೊಳ್ಳಿ, ಕಂಪ್ರೆಷನ್ ಅನುಪಾತ 10.5. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 40 ಸಿಸಿ. ಹೋಟೆಲಿನಲ್ಲಿ ಕೊಡುವ ಅರ್ಧ ಕಪ್ ಚಹಾಕ್ಕಿಂತಲೂ ಕಡಿಮೆ. ಅಷ್ಟು ನೀರು ಒಂದು ಸಿಲಿಂಡರಿಗೆ ಹೋದರೆ ಸಾಕು. ನೀರು ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆಯ ಮಳೆಯಲ್ಲಿ ಓಡಾಡುವ ಬೆಳಗಾವಿಯ ಗಾಡಿಗೆ ಬಂಪರ್ ಒಳಗಿನ ಫಿಲ್ಟರ್ ತಕ್ಕದ್ದಲ್ಲ. ವಿಜಯಪುರದವರು ನಮ್ಮಲ್ಲಿ ಮಳೆಯೇ ಕಡಿಮೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಡೋಣಿ ನದಿ ತುಂಬಿದಾಗ ತಾಳಿಕೋಟೆ ಕಡೆಯ ಕೆಳಸೇತುವೆಗಳ ಮೇಲೆ ನೀರು ಹರಿಯುತ್ತದೆ. ನಿಂತ ನೀರಿನಲ್ಲಿ ನಿಮ್ಮ ಗಾಡಿ ನಿಧಾನ ಇದ್ದರೂ ಎದುರು ಬರುವ ಬಸ್ಸಿನ ಅಲೆ ಗ್ರಿಲ್ಲಿಗೆ ಹೊಡೆಯುತ್ತದೆ. ಫಿಲ್ಟರಿಗೆ ಸುತ್ತುವ ನೀರುತಡೆ ಬಟ್ಟೆ ಸಿಡಿಯುವ ಹನಿಗಳನ್ನು ತಡೆಯಬಲ್ಲದು, ಮುಳುಗಿದ ಫಿಲ್ಟರನ್ನು ಕಾಯಲಾರದು. ಫಿಲ್ಟರ್ ಮುಳುಗಿದಾಗ ಬೇರೆ ಕಡೆಯಿಂದ ಗಾಳಿ ಎಳೆಯಲು ಪೈಪಿನ ನಡುವೆ ಹಾಕುವ ಬೈಪಾಸ್ ವಾಲ್ವ್ ಟರ್ಬೊ ಗಾಡಿಗೆ ಆಗುವುದಿಲ್ಲ. ಇಂಥ ಇನ್‌ಟೇಕ್ ಹಾಕಲೇಬೇಕೆಂದಿದ್ದರೆ ಜೂನಿನಿಂದ ಅಕ್ಟೋಬರ್‌ವರೆಗೆ ಕಂಪನಿಯ ಡಬ್ಬಿ ಮರಳಿ ಕೂರಿಸಿ. ನೀರಿನಲ್ಲಿ ಗಾಡಿ ಬಂದಾದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ನೀರು ಹೊಕ್ಕು ಹಾಳಾದ ಎಂಜಿನ್ನಿಗೆ ಸಾಮಾನ್ಯ ವಿಮೆ ದುಡ್ಡು ಕೊಡುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಬೇಕು. ಕಿಟ್ ಹಾಕಿದ್ದನ್ನು ವಿಮೆ ಕಂಪನಿಗೆ ಮೊದಲೇ ತಿಳಿಸಿರಬೇಕು.

ಸೆನ್ಸರ್ ಮತ್ತು ಪೈಪಿನ ಅಳತೆ

ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಆ ಸೆನ್ಸರ್ ಕೂರುವ ಪೈಪಿನ ಒಳವ್ಯಾಸ ಕಂಪನಿಯದಕ್ಕೆ ಸರಿಸಮ ಇರಬೇಕು. 63 ಮಿ.ಮೀ. ಬದಲು 70 ಮಿ.ಮೀ. ಪೈಪು ಹಾಕಿದರೆ, ಸೆನ್ಸರ್ ನಿಜವಾದ ಗಾಳಿಗಿಂತ ಸುಮಾರು ಶೇ 19 ಕಡಿಮೆ ಓದುತ್ತದೆ. ಕಂಪ್ಯೂಟರು ಅಷ್ಟು ಪೆಟ್ರೋಲ್ ಕಡಿಮೆ ಬಿಡುತ್ತದೆ, ಮಿಶ್ರಣ ಲೀನ್ ಆಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಅದನ್ನು ಹೇಳುವ ಪಿ0171 ದೋಷ ಕೋಡ್ ಬರುತ್ತದೆ. ಗಾಡಿಯ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿ: ಕಿಟ್ ಹಾಕುವ ಮೊದಲು, ಹಾಕಿದ 200 ಕಿ.ಮೀ. ನಂತರ. ಪ್ಲಸ್ 10 ದಾಟಿದರೆ ಅಳತೆ ತಪ್ಪಿದೆ ಇಲ್ಲವೇ ಸೆನ್ಸರ್ ನಂತರದ ಯಾವುದೋ ಜಾಯಿಂಟ್ ಗಾಳಿ ಎಳೆಯುತ್ತಿದೆ.

ಬಿಸಿ ಅಳೆಯಲು ಸ್ಕ್ಯಾನರಿನ ಇನ್‌ಟೇಕ್ ತಾಪಮಾನ ಸಾಕು ಎಂದುಕೊಳ್ಳಬೇಡಿ. ಹಲವು ಟರ್ಬೊ ಗಾಡಿಗಳಲ್ಲಿ ಆ ಸೆನ್ಸರ್, ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೆ ಇರುತ್ತದೆ. ಮಲ್ಟಿಮೀಟರಿನ ಥರ್ಮೋಕಪಲ್ ತಂತಿಯನ್ನು ಫಿಲ್ಟರಿನ ಹೊರ ಮಗ್ಗುಲಿಗೆ ಟೇಪ್ ಹಚ್ಚಿ ಕೂರಿಸಿ ಓದಿ. ಗಾಡಿ 80ರಲ್ಲಿ ಐದು ನಿಮಿಷ ಓಡಿದ ಮೇಲೆ ಹೊರಗಿನ ತಾಪಕ್ಕಿಂತ 5-6 ಡಿಗ್ರಿಯೊಳಗೆ ಬಂದರೆ ಒಳ್ಳೆಯ ಇನ್‌ಟೇಕ್.

ಅಲ್ಯೂಮಿನಿಯಂ ಪೈಪು ಕಾಯುತ್ತದೆ, ಪ್ಲಾಸ್ಟಿಕ್ ಕಾಯುವುದಿಲ್ಲ ಎಂಬ ವಾದ ಬಹಳ. ನಿಂತಾಗ ಅದು ನಿಜ. ಓಡುವಾಗ ಗಾಳಿ ಆ ಪೈಪಿನಲ್ಲಿ ಒಂದು ಕ್ಷಣವೂ ಇರುವುದಿಲ್ಲ, ವ್ಯತ್ಯಾಸ ನಗಣ್ಯ.

ಶೀಲ್ಡ್ ಮಾಡಿಸುವುದು

ಈಗಾಗಲೇ ಬಯಲು ಫಿಲ್ಟರ್ ಕೊಂಡವರಿಗೆ ದಾರಿ ಇದೆ. ಬೆಳಗಾವಿಯ ಉದ್ಯಮಬಾಗಿನಲ್ಲಿ ತಗಡು ಕತ್ತರಿಸಿ ಮಡಿಚಿ ಆರ್ಗಾನ್ ವೆಲ್ಡಿಂಗ್ ಮಾಡುವ ಕೈಗಳಿಗೆ ಬರವಿಲ್ಲ. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ, ಗಾಡಿಯಲ್ಲಿ ಇಟ್ಟು, ಬಾನೆಟ್ ಮುಚ್ಚಿ ನೋಡಿ. ಸರಿ ಬಂದ ಮೇಲೆ 1.5 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿಸಿ. ಫಿಲ್ಟರಿಗೂ ತಗಡಿಗೂ ಎಲ್ಲ ಕಡೆ 25 ಮಿ.ಮೀ. ಅಂತರ ಇರಲಿ. ಮೇಲಂಚಿಗೆ ಬಾಗಿಲಿನ ರಬ್ಬರ್ ಬೀಡಿಂಗ್ ಹಾಕಿಸಿ, ಅದರ ಮೇಲೆ ಕಾಗದದ ಪಟ್ಟಿ ಇಟ್ಟು ಬಾನೆಟ್ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದ ಕಡೆ ಕಿಂಡಿ ಇದೆ, ಅಲ್ಲಿಂದ ಬಿಸಿ ನುಗ್ಗುತ್ತದೆ. ಗ್ರಿಲ್ಲಿನಿಂದ ತಂಪು ಗಾಳಿ ತರುವ ಹೋಸ್ ಕನಿಷ್ಠ 75 ಮಿ.ಮೀ. ಒಳವ್ಯಾಸದ್ದಿರಬೇಕು. ಅದಿಲ್ಲದೆ ಡಬ್ಬಿ ಮಾತ್ರ ಕಟ್ಟಿದರೆ ಫಿಲ್ಟರಿನ ಉಸಿರು ಕಟ್ಟುತ್ತದೆ.

ಕೂರಿಸುವಾಗ

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಳೆ ಪೈಪು ತೆಗೆದ ಕೂಡಲೇ ಟರ್ಬೊ ಅಥವಾ ಥ್ರಾಟಲ್ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಒಂದು ವಾಶರ್ ಒಳಗೆ ಬಿದ್ದರೆ ಟರ್ಬೊ ಹೋದಂತೆ. ಹೊಸ ಪೈಪನ್ನು ಒಳಗಿನಿಂದ ತೊಳೆದು ಒರೆಸಿ, ವೆಲ್ಡಿಂಗ್ ಕಣ, ಲೋಹದ ಚೂರು ಉಳಿಯಬಾರದು. ಸಿಲಿಕೋನ್ ಕಪ್ಲರ್ ಪೈಪಿನ ಮೇಲೆ 25 ಮಿ.ಮೀ. ಆದರೂ ಹತ್ತಲಿ, ಕ್ಲ್ಯಾಂಪ್ ಪೈಪಿನ ಉಬ್ಬಿದ ಅಂಚಿನ ಹಿಂದೆ ಬರಲಿ. ಎಂಜಿನ್ ತನ್ನ ಮೌಂಟ್ ಮೇಲೆ ಹೊಯ್ದಾಡುತ್ತದೆ, ಬಾಡಿ ಹೊಯ್ದಾಡುವುದಿಲ್ಲ. ಆದ್ದರಿಂದ ಪೈಪಿಗೂ ಬಾಡಿಗೂ ಎರಡು ಬೆರಳಿನ ಸಂದು ಬೇಕು. ಬ್ರೀದರ್ ಹೋಸ್ ಹೊಸ ಪೈಪಿಗೆ ಸೇರಿಸಲೇಬೇಕು. ಅದನ್ನು ಬಯಲಿಗೆ ಬಿಟ್ಟರೆ ಆಯಿಲ್ ಆವಿ ಬಾನೆಟ್ ತುಂಬುತ್ತದೆ, ಸೆನ್ಸರಿನ ಲೆಕ್ಕವೂ ತಪ್ಪುತ್ತದೆ.

ವಾರಂಟಿ ಇರುವ ಗಾಡಿಯಾದರೆ ಡಬ್ಬಿಯೊಳಗಿನ ಪ್ಯಾನೆಲ್ ಫಿಲ್ಟರ್ ದಾಟಿ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿನ ವಿವರಕ್ಕೆ ವಿರುದ್ಧವಾಗುವ ಬದಲಾವಣೆಗಳನ್ನು ತಡೆಯುತ್ತದೆ. ಪಿಯುಸಿ ಪರೀಕ್ಷೆಯೂ ಪಾಸಾಗಬೇಕು.

1,000 ಕಿ.ಮೀ. ಆದ ಮೇಲೆ ಫಿಲ್ಟರ್ ಬಿಚ್ಚಿ, ಪೈಪಿನ ಒಳಗೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿ ನೋಡಿ. ಬಟ್ಟೆಗೆ ಬೂದುಗಪ್ಪು ಮಣ್ಣು ಹತ್ತಿದರೆ ಫಿಲ್ಟರ್ ಸೋರುತ್ತಿದೆ. ಮಣ್ಣು ಒಂದೇ ಪಕ್ಕದಲ್ಲಿ ಗೆರೆಯಾಗಿ ಕೂತಿದ್ದರೆ ತಪ್ಪು ರಬ್ಬರ್ ಅಂಚಿನದು ಅಥವಾ ಕ್ಲ್ಯಾಂಪಿನದು, ಅಲ್ಲಿ ಸರಿಮಾಡಬಹುದು. ಸುತ್ತಲೂ ಒಂದೇ ಸಮ ಹರಡಿದ್ದರೆ ಬಟ್ಟೆಯೇ ಸರಿಯಿಲ್ಲ, ಆ ಫಿಲ್ಟರ್ ಇಟ್ಟುಕೊಳ್ಳಬೇಡಿ. ಅಂಥ ದಿನಕ್ಕೆಂದೇ ಕಂಪನಿಯ ಹಳೇ ಡಬ್ಬಿ, ಸ್ನಾರ್ಕಲ್, ಕ್ಲಿಪ್ಪು, ಬೋಲ್ಟುಗಳನ್ನು ಒಂದು ಚೀಲದಲ್ಲಿ ಕಟ್ಟಿ ಮನೆಯಲ್ಲಿ ಇಟ್ಟಿರಿ. ಮರಳಿ ಕೂರಿಸಲು ಹೆಚ್ಚೆಂದರೆ ಒಂದು ತಾಸು ಹಿಡಿಯುತ್ತದೆ.